ನನ್ನ ಹರ್ನಿಯಾ, ಅವಳ ಅಪೆಂಡಿಕ್ಸು

ಕಾಯಿಲೆಗಳಲ್ಲಿ ಹೇಳಿಕೊಳ್ಳಬಹುದಾದವು, ಹೇಳಿಕೊಳ್ಳಲಾಗದವು ಎಂದು ಎರಡು ಬಗೆ. ಚಳಿಜ್ವರ ಬಂದವನು ಕಂಬಳಿ ಹೊದ್ದು ಜಗಲಿಯ ಮೇಲೆ ಕೂತರೆ ದಾರಿಹೋಕರೆಲ್ಲ ನಿಂತು ವಿಚಾರಿಸುತ್ತಾರೆ, ಒಬ್ಬರು ಕಷಾಯ ಹೇಳುತ್ತಾರೆ, ಇನ್ನೊಬ್ಬರು ತಮಗೆ ಬಂದಿದ್ದ ಇದಕ್ಕಿಂತ ದೊಡ್ಡ ಜ್ವರದ ಕಥೆ ಹೇಳುತ್ತಾರೆ. ಸಕ್ಕರೆ ಕಾಯಿಲೆಯವನಿಗಂತೂ ಒಂದು ಬಗೆಯ ಸಾಹುಕಾರಿಕೆಯ ಕಳೆಯೇ ಇರುತ್ತದೆ. ಆದರೆ ಎಲ್ಲಿ ನೋವು ಎಂದು ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸಲಾಗದ ಜಾಗದಲ್ಲಿ ಕಾಯಿಲೆ ಬಂದವನ ಪಾಡು ಯಾರಿಗೂ ಬೇಡ. ನನಗೆ ಬಂದದ್ದು ಆ ಜಾತಿಯದು. ಇಂಗ್ಲಿಷಿನಲ್ಲಿ ಹರ್ನಿಯಾ ಎಂದರೆ ಹೂವಿನ ಗಿಡದ ಹೆಸರಿನಂತೆ ಕೇಳುತ್ತದೆ. ನಮ್ಮ ಕಡೆ ಅದಕ್ಕೆ ‘ಕರುಳು ಇಳಿದಿದೆ’ ಎನ್ನುತ್ತಿದ್ದರು. ಹಾಗೆಂದು ಊರಲ್ಲಿ ಒಮ್ಮೆ ಸುದ್ದಿಯಾದರೆ ಮುಗಿಯಿತು, ಆ ಮನುಷ್ಯ ಬೀದಿಯಲ್ಲಿ ಹೋಗುವಾಗ ಯಾರೂ ಅವನ ಮುಖ ನೋಡುವುದಿಲ್ಲ.

ಆಗ ನಾನು ಚನ್ನರಾಯಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮದುವೆಯಾಗಿ ಮೊದಲ ಸಲ ಅತ್ತೆಯ ಮನೆಗೆ ಹೋಗಿದ್ದೆ. ಅರಕಲಗೂಡಿನಿಂದ ಗಾಡಿಯಲ್ಲಿ ಒಂದು ಗಂಟೆಯ ಹಾದಿ ಆ ಹಳ್ಳಿ. ಅಂಗಳದಲ್ಲಿದ್ದ ಒರಳುಕಲ್ಲನ್ನು ಅಡುಗೆಮನೆಗೆ ಸಾಗಿಸಬೇಕೆಂದು ಇಬ್ಬರು ಆಳುಗಳು ಅದರ ಸುತ್ತ ತಿರುಗುತ್ತ ಸಮಾಲೋಚನೆ ಮಾಡುತ್ತಿದ್ದರು. ಬಾಗಿಲ ಸಂದಿಯಿಂದ ನನ್ನ ಹೆಂಡತಿ ಪಾರ್ವತಿ ನೋಡುತ್ತಿದ್ದಳು. ಅವಳು ಒರಳನ್ನು ನೋಡುತ್ತಿದ್ದಳೋ ನನ್ನನ್ನು ನೋಡುತ್ತಿದ್ದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನಂತೂ ಎರಡನೆಯದೇ ಎಂದುಕೊಂಡೆ. ಕೋಟು ಬಿಚ್ಚಿ ಕಂಬಕ್ಕೆ ನೇತುಹಾಕಿ, “ಸರೀರಪ್ಪಾ ಆ ಕಡೆ” ಎಂದು ಕಲ್ಲಿಗೆ ಕೈ ಹಾಕಿದೆ. ಒಂದು ಗೇಣು ಎತ್ತಿದೆ ಕೂಡ. ಆಳುಗಳು “ಅಬ್ಬಾ, ಅಳಿಯಂದ್ರೇ!” ಎಂದರು. ಆ ಹೊತ್ತಿಗೆ ಸರಿಯಾಗಿ ಕಿಬ್ಬೊಟ್ಟೆಯೊಳಗೆ ಒದ್ದೆ ಬಟ್ಟೆ ಹರಿದಂತೆ ಏನೋ ಆಯಿತು. ನಾನು ನಗುತ್ತಲೇ ಕಲ್ಲನ್ನು ಕೆಳಗಿಟ್ಟು, ನಗುತ್ತಲೇ ಕೋಟು ಹಾಕಿಕೊಂಡು, ನಗುತ್ತಲೇ ಹೋಗಿ ಮಲಗಿದೆ. ಆರು ತಿಂಗಳಲ್ಲಿ ಅಲ್ಲಿ ಅಡಕೆಯಷ್ಟು ಉಬ್ಬು ಕಾಣಿಸಿಕೊಂಡಿತು. ವರ್ಷ ತುಂಬುವುದರೊಳಗೆ ಅದು ನಿಂಬೆಹಣ್ಣಾಯಿತು. ನಿಂತರೆ ಹೊರಗೆ ಬರುವುದು, ಮಲಗಿ ಮೆಲ್ಲಗೆ ಒತ್ತಿದರೆ ಒಳಗೆ ಹೋಗುವುದು. ಸಾಕಿದ ಬೆಕ್ಕಿನಷ್ಟು ವಿಧೇಯವಾಗಿತ್ತು.

ಹೊಳೆನರಸೀಪುರದ ಆಚೆ ಹಳೇಕೋಟೆಯ ಕಡೆ ಒಬ್ಬ ನಾಟಿವೈದ್ಯ ಇದ್ದಾನೆಂದು ಕೇಳಿ, ರಜೆಯಲ್ಲಿ ಯಾರಿಗೂ ಹೇಳದೆ ಹೋದೆ. ಮುದುಕ ನನ್ನನ್ನು ಮಲಗಿಸಿ ನೋಡಿ, ಕೈ ತೊಳೆದುಕೊಂಡು ಬಂದು ಹೇಳಿದ: “ಮೂರು ದಾರಿ ಐತೆ ಮೇಷ್ಟ್ರೇ. ಸೊಪ್ಪು ಕಟ್ಟೋದು, ಬರೆ ಆಕೋದು, ಇಲ್ದಿದ್ರೆ ಇಂಗೇ ಇದ್ಬುಡೋದು.”

“ಮೂರರಲ್ಲಿ ಯಾವುದು ವಾಸಿ?”

“ಬರೆ ಆಕುಸ್ಕಂಡೋರು ತಿರ್ಗಾ ಯಾರೂ ನನ್ತಾವ ಬಂದಿಲ್ಲ ಸಾ.”

ಅವನು ಅದನ್ನು ಹೆಮ್ಮೆಯಿಂದಲೇ ಹೇಳಿದ. ನನಗೆ ಮಾತ್ರ ಆ ಮಾತಿಗೆ ಎರಡು ಅರ್ಥ ಕಂಡವು. ಸೊಪ್ಪಿನ ಗಂಟನ್ನು ಮಾತ್ರ ತೆಗೆದುಕೊಂಡು ಊರಿಗೆ ಬಂದೆ. ಸೊಪ್ಪಿನಿಂದ ಚರ್ಮ ಹಸಿರಾಯಿತೇ ಹೊರತು ನಿಂಬೆಹಣ್ಣು ಕರಗಲಿಲ್ಲ.

ಕೊನೆಗೆ ನಮ್ಮೂರಿನ ಡಾಕ್ಟರ ಬಳಿಗೇ ಹೋದೆ. ಅವರು ಒಳ್ಳೆಯವರು, ಆದರೆ ಧ್ವನಿ ದೊಡ್ಡದು. ಅವರು ಗುಟ್ಟು ಹೇಳಿದರೆ ಸಂತೆಮಾಳದವರೆಗೆ ಕೇಳಿಸುತ್ತಿತ್ತು. ಹಾಗಾಗಿ ರೋಗಿಗಳೆಲ್ಲ ಹೋಗುವವರೆಗೂ ಕಾದಿದ್ದು ಒಳಗೆ ಹೋದೆ. “ನೋಡಿ ಮೇಷ್ಟ್ರೇ, ನಿಮ್ಮ ಹೊಟ್ಟೆಯ ಗೋಡೆ ಬಿರುಕು ಬಿಟ್ಟಿದೆ. ಅದರಲ್ಲಿ ಕರುಳು ಜಾರ್ತಾ ಇದೆ. ಕೆರೆ ಏರಿ ಬಿರುಕು ಬಿಟ್ರೆ ಏನು ಮಾಡ್ತೀರಿ? ಅಗೆದು, ಗಟ್ಟಿಯಾಗಿ ಮುಚ್ಚಬೇಕು ತಾನೆ? ಹಾಸನಕ್ಕೆ ಹೋಗಿ, ಕರುಳನ್ನ ಒಳಗೆ ತಳ್ಳಿ ಗೋಡೆ ಹೊಲೀತಾರೆ, ಮೂರು ವಾರ ಮಲಗಿದ್ದು ಎದ್ದು ಬನ್ನಿ” ಎಂದರು. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. “ಬೆಲ್ಟು ಸಿಗುತ್ತೆ. ಅದು ಏರಿ ಬಿರುಕಿಗೆ ಅಂಗೈ ಅಡ್ಡ ಹಿಡಿದ ಹಾಗೆ. ಕರುಳು ಹೊರಗೇ ಸಿಕ್ಕಿ ಹಾಕ್ಕೊಂಡ್ರೆ ಮಾತ್ರ ಗಂಟೆ ಲೆಕ್ಕ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ, ನಿಮ್ಮ ಬೆಲ್ಟೂ ಏನೂ ಮಾಡೋಕಾಗಲ್ಲ.” ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಬುದ್ಧಿಯಿದ್ದವನು ಹಾಸನದ ಬಸ್ಸು ಹತ್ತುತ್ತಾನೆ. ನಾನು ಬೆಂಗಳೂರಿಗೆ ಕಾಗದ ಬರೆದು ಬೆಲ್ಟು ತರಿಸಿದೆ.

ಪಾರ್ಸಲು ನೇರ ಸ್ಕೂಲಿಗೇ ಬಂತು. “ಏನ್ ಸಾ ಇದು, ಒಳ್ಗೆ ತೊಗ್ಲು ಪಟ್ಟಿ ಐತೆ, ಸ್ಪ್ರಿಂಗೈತೆ? ಕುದ್ರೆ ಕೊಂಡ್ಕಂಡ್ರಾ?” ಎಂದು ಪೋಸ್ಟಿನವನು ಹೆಡ್ಮಾಸ್ಟರ ಎದುರಿಗೇ ಕೇಳಿದ. ಡ್ರಿಲ್ಲಿನ ಸಾಮಾನು ಎಂದೆ. ಒಂದು ಲೆಕ್ಕಕ್ಕೆ ಅದು ನಿಜವೇ. ದಿನಾ ಬೆಳಿಗ್ಗೆ ಅದನ್ನು ಕಟ್ಟಿಕೊಳ್ಳುವುದಕ್ಕೆ ನಾನು ಮಾಡುತ್ತಿದ್ದ ಕಸರತ್ತು ಯಾವ ಡ್ರಿಲ್ಲಿಗೂ ಕಡಿಮೆಯದಾಗಿರಲಿಲ್ಲ. ತೊಗಲಿನ ಪಟ್ಟಿ, ಉಕ್ಕಿನ ಸ್ಪ್ರಿಂಗು, ತುದಿಯಲ್ಲೊಂದು ಮೆತ್ತೆ. ಬೋರ್ಡಿನ ಮೇಲೆ ಎತ್ತರದಲ್ಲಿ ಬರೆಯಲು ಕೈ ಚಾಚಿದರೆ ಕಿರ್ ಎನ್ನುತ್ತಿತ್ತು. ಹುಡುಗರು ಮೇಷ್ಟ್ರ ಚಪ್ಪಲಿ ಹೊಸದೆಂದು ತಿಳಿದರು. ಪಾರ್ವತಿ ಮಾತ್ರ ವಾರಕ್ಕೊಮ್ಮೆ ಅದನ್ನು ಬಿಸಿಲಿಗಿಟ್ಟು, ಸ್ಪ್ರಿಂಗಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ಬೇರೆಯವರ ಹೆಂಡಿರು ಗಂಡಂದಿರ ತಲೆಗೆ ಎಣ್ಣೆ ಹಚ್ಚುತ್ತಿದ್ದ ಕಾಲ ಅದು. ಹೀಗೇ ಐದಾರು ವರ್ಷ ಕಳೆದವು. ಯುದ್ಧ ಶುರುವಾಯಿತು, ಸೀಮೆಎಣ್ಣೆ ಮಾಯವಾಯಿತು, ಪೆಟ್ರೋಲು ಇಲ್ಲದೆ ಬಸ್ಸುಗಳೆಲ್ಲ ಇದ್ದಿಲು ತಿನ್ನತೊಡಗಿದವು.

ಆ ದಿನಗಳಲ್ಲೇ ಒಂದು ದಿನ ಬೆಳಿಗ್ಗೆ ಪಾರ್ವತಿ ರೊಟ್ಟಿ ತಟ್ಟುತ್ತಿದ್ದವಳು ಹೊಕ್ಕುಳ ಸುತ್ತ ಹಿಡಿದಂತಾಗುತ್ತದೆ ಎಂದು ಎದ್ದಳು. ಸಂಜೆಯೊಳಗೆ ಎರಡು ಸಲ ವಾಂತಿಯಾಯಿತು. ಮಾರನೆಯ ಬೆಳಿಗ್ಗೆ ನೋವು ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ಕೂತಿತ್ತು, ಮೈ ಸುಡುತ್ತಿತ್ತು, ಬಲಗಾಲನ್ನು ಮಡಿಸಿ ಎದೆಗೆ ಎಳೆದುಕೊಂಡು ಮಲಗಿದ್ದಳು. ರಾಗಿ ತಂದುಕೊಟ್ಟು ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ನನ್ನ ಅತ್ತೆ ನಂಜಮ್ಮ ಆಗಲೇ ಒಂದು ಲೋಟ ಹರಳೆಣ್ಣೆ ಬಿಸಿ ಮಾಡಿ ತಂದಿದ್ದರು. “ವಾಯು ಕಣಪ್ಪ ಇದು. ಅರಳೆಣ್ಣೆ ಕುಡುಸ್ಬುಟ್ರೆ ಎಲ್ಲಾ ಕಿತ್ಕಂಡ್ ಓಯ್ತದೆ. ನಮ್ಮೂರಲ್ಲಿ ಯಾರ್ಗಾದ್ರೂ ಇಂಗಾದ್ರೆ ಡಾಕ್ಟ್ರು ಎಲ್ಲವ್ರೆ?” ಎಂದು ಮಗಳ ಬಾಯಿಗೆ ಲೋಟ ಹಿಡಿದಿದ್ದರು. ಅಷ್ಟರಲ್ಲಿ ಡಾಕ್ಟರು ಬಂದರು. ಬಾಗಿಲಿನಿಂದಲೇ ವಾಸನೆ ಹಿಡಿದವರು ಅವರ ಆ ದೊಡ್ಡ ಧ್ವನಿಯಲ್ಲಿ ಹಾಕಿದ ಕೂಗಿಗೆ ಅತ್ತೆಯ ಕೈಯಿಂದ ಲೋಟ ಬಿದ್ದು ಎಣ್ಣೆಯೆಲ್ಲ ಚಾಪೆಯ ಪಾಲಾಯಿತು. ಆ ಧ್ವನಿಯ ಮೇಲೆ ಅದುವರೆಗೂ ನನಗಿದ್ದ ಸಿಟ್ಟೆಲ್ಲ ಅವತ್ತೇ ಹೋಯಿತು.

ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರು, “ಅಪೆಂಡಿಸೈಟಿಸ್. ಕರುಳಿಗೆ ಅಂಟಿಕೊಂಡು ಒಂದು ಪುಟ್ಟ ಬಾಲ ಇರುತ್ತೆ, ಅದು ಕೀವಾಗಿ ಊದಿಕೊಂಡಿದೆ. ಹರಳೆಣ್ಣೆ ಕೊಟ್ಟಿದ್ರೆ ಒಡೆದು ಹೊಟ್ಟೆಯೆಲ್ಲ ನಂಜಾಗೋದು. ಒಂಬತ್ತರ ಬಸ್ಸಿಗೆ ಹಾಸನಕ್ಕೆ ಹೊರಡಿ, ಇವತ್ತು ತಪ್ಪಿಸಬೇಡಿ” ಎಂದು ಚೀಟಿ ಬರೆದರು. ನಮ್ಮ ಪುಟ್ಟ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಪಾರ್ವತಿಯನ್ನು ಮಂಚದ ಸಮೇತ ಎತ್ತಿಸಿಕೊಂಡು ಬಸ್ಸಿನವರೆಗೆ ಹೋದೆವು. ಆ ಗಡಿಬಿಡಿಯಲ್ಲಿ ಚೊಂಬು ನೆನಪಾಯಿತು, ಹೊದಿಕೆ ನೆನಪಾಯಿತು, ಅತ್ತೆಗೆ ವಿಭೂತಿ ಗಟ್ಟಿಯೂ ನೆನಪಾಯಿತು. ನನ್ನ ಬೆಲ್ಟು ಮಾತ್ರ ಗೂಟದಲ್ಲೇ ಉಳಿಯಿತು.

ಇದ್ದಿಲು ಬಸ್ಸನ್ನು ಈಗಿನವರು ನೋಡಿಲ್ಲ. ಹಿಂಭಾಗದಲ್ಲಿ ಹಂಡೆಯಂಥ ಒಂದು ಒಲೆ, ಅದಕ್ಕೆ ಇದ್ದಿಲು ಸುರಿದು ಗಾಳಿಚಕ್ರ ತಿರುಗಿಸಿ ಅರ್ಧ ಗಂಟೆ ಉರಿಸಿದರೆ ಬಸ್ಸು ಕೆಮ್ಮುತ್ತಿತ್ತು. ಸಮ ರಸ್ತೆಯಲ್ಲಿ ಓಡುತ್ತಿತ್ತು, ಇಳಿಜಾರಿನಲ್ಲಿ ಹಾರುತ್ತಿತ್ತು, ಏರು ಕಂಡರೆ ಮಾತ್ರ ಮೊಂಡೆತ್ತಿನಂತೆ ನಿಂತು ಬಿಡುತ್ತಿತ್ತು. ಶಾಂತಿಗ್ರಾಮ ಇನ್ನೂ ಒಂದೆರಡು ಮೈಲಿ ಇದೆ ಎನ್ನುವಾಗ ಒಂದು ಏರಿನಲ್ಲಿ ನಿಂತೇ ಬಿಟ್ಟಿತು. ಡ್ರೈವರು ಬೋರಣ್ಣ ಹಿಂದಕ್ಕೆ ತಿರುಗಿ, “ಗಂಡಸ್ರೆಲ್ಲಾ ಇಳೀರಪ್ಪೋ, ಒಂದೀಟು ಕೈ ಆಕಿ” ಎಂದ. ಎಲ್ಲರೂ ಇಳಿದರು. ನಾನೂ ಇಳಿದು, ದಾರಿ ಬಿಟ್ಟು ಒಂದು ಆಲದ ಮರದ ಕೆಳಗೆ ಕೈ ಕಟ್ಟಿ ನಿಂತೆ. ಒಳಗೆ ಪಾರ್ವತಿ ಬಸ್ಸು ಅಲುಗಿದಾಗೆಲ್ಲ ನರಳುತ್ತಿದ್ದಳು. ಹೆಗಲಿಗೆ ಟವೆಲು ಹಾಕಿದ್ದ ಒಬ್ಬ ಮುದಿ ಗೌಡ, ಅವನೂ ತಳ್ಳಲು ನಿಂತಿದ್ದವನು, ನನ್ನ ಕಡೆ ನೋಡಿದ.

“ಏನ್ ಮೇಷ್ಟ್ರೇ, ಎಂಡ್ರು ಒಳ್ಗೆ ಪ್ರಾಣ ಬುಡ್ತಾವ್ಳೆ, ನೀವು ನೆಳ್ಳಾಗೆ ನಿಂತಿದ್ದೀರಲ್ಲ! ಬನ್ನಿ, ಬನ್ನಿ.”

ಅವನಿಗೆ ಏನು ಹೇಳಲಿ? ಇಪ್ಪತ್ತು ಜನರ ಎದುರಿಗೆ ಹೇಳುವಂಥದ್ದೇ ಅದು? ಹೋಗಿ ಬಸ್ಸಿಗೆ ಭುಜ ಕೊಟ್ಟೆ. “ಐಸಾ!” ಎಂದರು ಎಲ್ಲರೂ. ಎರಡನೆಯ ಐಸಾಕ್ಕೆ ನಿಂಬೆಹಣ್ಣು ಹೊರಗೆ ಬಂತು. ಮೂರನೆಯದಕ್ಕೆ ಇನ್ನೇನೋ ಅದರ ಹಿಂದೆ ಬಂತು. ಬಸ್ಸು ಕೆಮ್ಮಿ, ಹೊಗೆ ಬಿಟ್ಟು, ಏರು ಹತ್ತಿತು. ನಾನು ಹತ್ತಿ ಸೀಟಿನಲ್ಲಿ ಕೂತು, ಪಂಚೆಯ ಮರೆಯಲ್ಲಿ ಎಂದಿನಂತೆ ಒತ್ತಿದೆ. ಒಳಗೆ ಹೋಗಲಿಲ್ಲ. ಬೇಲದ ಕಾಯಿಯಂತೆ ಗಟ್ಟಿಯಾಗಿ ನಿಂತಿತ್ತು.

ಹಾಸನದ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ. ಅಲ್ಲಿನ ಸರ್ಜನ್ನರು ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು, ತೆಳ್ಳಗೆ, ಮಾತು ಮೆದು. ಪಾರ್ವತಿಯನ್ನು ನೋಡಿ ಬಂದು ನನ್ನನ್ನು ಕೂರಿಸಿಕೊಂಡು ಹೇಳಿದರು: “ಎರಡು ದಾರಿ ಇದೆ. ಅನ್ನ ನೀರು ಬಿಡಿಸಿ, ಸಲ್ಫಾ ಮಾತ್ರೆ ಕೊಟ್ಟು, ತಾನಾಗಿ ಆರುತ್ತಾ ಅಂತ ಕಾಯೋದು ಒಂದು. ಕೆಲವರಿಗೆ ಆರುತ್ತೆ. ಆರದೇ ಒಡೆದರೆ ಉಳಿಸೋದು ಕಷ್ಟ. ಇನ್ನೊಂದು, ಈಗಲೇ ಕೊಯ್ದು ತೆಗೆಯೋದು. ನನ್ನನ್ನ ಕೇಳಿದ್ರೆ ತೆಗೆಯೋದೇ ಸರಿ. ಆದರೆ ನಿಮ್ಮ ಒಪ್ಪಿಗೆ ಬೇಕು.” ಒಂದು ಕಾಗದ ಮುಂದಿಟ್ಟರು.

ಹೆಂಡತಿಯ ಹೊಟ್ಟೆ ಕೊಯ್ಯಲು ಒಪ್ಪಿದ್ದೇನೆ ಎಂದು ಬರೆದ ಕಾಗದ. ಅತ್ತೆ “ಕುಯ್ಯೋದಾ! ನಮ್ ವಂಸ್ದಲ್ಲೇ ಯಾರೂ ಕುಯ್ಸ್ಕಂಡಿಲ್ಲ ಕಣ್ ಸಾಮೀ” ಎಂದು ನೆಲದ ಮೇಲೆ ಕೂತರು. ನಾನು ಪೆನ್ನು ಹಿಡಿದುಕೊಂಡು ಸರ್ಜನ್ನರಿಗೆ ಪ್ರಶ್ನೆ ಕೇಳತೊಡಗಿದೆ. ಎಷ್ಟು ಉದ್ದ ಕೊಯ್ಯುತ್ತೀರಿ, ಕ್ಲೋರೋಫಾರಂ ಕೊಟ್ಟರೆ ಎಲ್ಲರೂ ಏಳುತ್ತಾರೆಯೇ, ನಾಳೆ ಬೆಳಿಗ್ಗೆ ನೋಡಬಹುದಲ್ಲವೇ. ಪರೀಕ್ಷೆಗೆ ಓದದ ಹುಡುಗ ಪ್ರಶ್ನೆಪತ್ರಿಕೆಯನ್ನೇ ತಿರುಗಿಸಿ ತಿರುಗಿಸಿ ನೋಡುವುದಿಲ್ಲವೇ, ಹಾಗೆ. ಪಕ್ಕದಲ್ಲಿ ಚಕ್ರದ ಮಂಚದ ಮೇಲೆ ಮಲಗಿದ್ದ ಪಾರ್ವತಿ ಕಣ್ಣು ಬಿಟ್ಟಳು. ಅರಕಲಗೂಡಿನ ಕಡೆಯವಳಾದ ಅವಳ ಮಾತಿನಲ್ಲಿ ಹಕಾರವೆನ್ನುವುದು ಸಾಧಾರಣವಾಗಿ ಇರುತ್ತಿರಲಿಲ್ಲ. ಸಿಟ್ಟು ಬಂದಾಗ ಮಾತ್ರ ಮಿಡ್ಲ್ ಸ್ಕೂಲಿನಲ್ಲಿ ಕಲಿತದ್ದು ನೆನಪಾಗಿ ಒತ್ತಿ ಬರುತ್ತಿತ್ತು.

“ರುಜು ಹಾಕ್ರೀ” ಎಂದಳು. “ಹೊಟ್ಟೆ ನಂದು.”

ಎರಡೂ ಹಕಾರಗಳು ಗುಂಡು ಹೊಡೆದಂತೆ ಕೇಳಿದವು. ರುಜು ಹಾಕಿದೆ.

ಅವಳನ್ನು ಒಳಗೆ ತೆಗೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ನಾನು, ನೆಲದ ಮೇಲೆ ಅತ್ತೆ. ಆ ಹಜಾರದ ಕಾರ್ಬಾಲಿಕ್ ವಾಸನೆ, ಅಂಗಳದ ಬೇವಿನ ಮರದ ಕೆಳಗೆ ರೋಗಿಗಳ ಕಡೆಯವರು ಮೂರು ಕಲ್ಲು ಹೂಡಿ ಗಂಜಿ ಕಾಯಿಸುತ್ತಿದ್ದ ಹೊಗೆಯ ವಾಸನೆ, ಎರಡೂ ಸೇರಿ ಒಂದು ಬಗೆಯಾಗಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಮೂಗಿಗೆ ಬಡಿದರೆ ನಾನು ಮೂವತ್ತು ವರ್ಷದವನಾಗಿಬಿಡುತ್ತೇನೆ. ಅವತ್ತು ಮಾತ್ರ ಯಾವ ವಾಸನೆಯೂ ಹಿತವಾಗಿರಲಿಲ್ಲ. ಬೇಲದ ಕಾಯಿ ಸಿಡಿಯುತ್ತಿತ್ತು, ಹೊಟ್ಟೆ ತಿರುಚುತ್ತಿತ್ತು, ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಗಂಟೆ ಲೆಕ್ಕ ಎಂದಿದ್ದರಲ್ಲ ನಮ್ಮ ಡಾಕ್ಟರು, ನಾನು ಗೋಡೆಯ ಗಡಿಯಾರ ನೋಡುತ್ತ ಕೂತೆ. ಎದುರಿಗೇ ನರ್ಸಮ್ಮ ಓಡಾಡುತ್ತಿದ್ದರು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನನ್ನನ್ನೂ ಆ ಬಾಗಿಲೊಳಗೆ ತಳ್ಳಿಕೊಂಡು ಹೋಗುತ್ತಾರೆ. ಈ ಯೋಚನೆಗೆ ನನ್ನ ಬಾಯಿ ಅಂಟಿಹೋಯಿತು. ಎದ್ದು ಹೋಗಿ ಗೋಡೆಯ ಹಿಂದೆ ವಾಂತಿ ಮಾಡಿಕೊಂಡು ಬಂದು ಮತ್ತೆ ಕೂತೆ. ಅತ್ತೆ ನನ್ನ ಮುಖ ನೋಡಿ, ತಮ್ಮ ಸೆರಗಿನಿಂದ ನನ್ನ ಹಣೆ ಒರೆಸಿ, ವಿಭೂತಿ ಇಟ್ಟರು. “ಇಂಗೆ ಕರಗ್ಬ್ಯಾಡ ಕಣಪ್ಪ. ಸಿವ ಕಾಪಾಡ್ತಾನೆ” ಎಂದರು.

ಕೊನೆಗೆ ಬಾಗಿಲು ತೆರೆಯಿತು. ಸರ್ಜನ್ನರು ಕೈಯಲ್ಲಿ ಒಂದು ಸೀಸೆ ಹಿಡಿದು ಬಂದರು. ಅದರೊಳಗೆ ಕಿರುಬೆರಳಷ್ಟು ಉದ್ದದ, ಕಪ್ಪು ನೇರಳೆ ಬಣ್ಣದ ಒಂದು ಹುಳುವಿನಂಥದ್ದು. “ನೋಡಿ, ತುದಿ ಎಷ್ಟು ತೆಳ್ಳಗಾಗಿದೆ. ಸಂಜೆಯವರೆಗೂ ಕಾಯುತ್ತಿರಲಿಲ್ಲ ಇದು. ನಿಮ್ಮ ಹೆಂಡತಿ ಗಟ್ಟಿಗರು, ಕ್ಲೋರೋಫಾರಂ ಕೊಟ್ಟು ಎಣಿಸಿ ಅಂದ್ರೆ ನಲವತ್ತರ ತನಕ ಎಣಿಸಿದರು. ಚೆನ್ನಾಗಿದ್ದಾರೆ” ಎಂದರು. ಚೆನ್ನಾಗಿದ್ದಾರೆ ಎಂಬ ಮಾತು ಕೇಳಿ ನಾನು ಎದ್ದು ನಿಂತೆ. ಎದ್ದದ್ದು ನೆನಪಿದೆ. ಆಮೇಲೆ ನೆನಪಿರುವುದು ಹಜಾರದ ಮಾಡಿನ ತೊಲೆಗಳು. ಸರ್ಜನ್ನರು ನಾಡಿ ನೋಡಿದರು, ಹೊಟ್ಟೆಯ ಮೇಲೆ ಕೈಯಾಡಿಸಿದರು, ಕೈ ಬೇಲದ ಕಾಯಿಯ ಮೇಲೆ ನಿಂತಿತು.

“ಇದು ಯಾವಾಗಿನಿಂದ?”

“ಬಸ್ಸು ತಳ್ಳಿದಾಗಿನಿಂದ. ಹನ್ನೊಂದು ಗಂಟೆ ಇರಬಹುದು.”

“ಆಗಲೇ ಹೇಳಬಾರದಿತ್ತೇನ್ರೀ? ಐದು ಗಂಟೆ ಹೊತ್ತಾಯ್ತಲ್ಲ!”

ಅಷ್ಟರಲ್ಲೇ ಅತ್ತೆ ಎದೆ ಬಡಿದುಕೊಂಡು ಅಳತೊಡಗಿದ್ದರು. “ಏಳ್ದ್ರೆ ನನ್ ಮಗೀಗೆ ತಡಾಯ್ತದೆ ಅಂತ ಸುಮ್ಕಿದ್ನಲ್ಲ ಸಾಮೀ! ಅವಳ್ದು ಮೊದ್ಲಾಗ್ಲಿ ಅಂತ ಪ್ರಾಣ ಇಡ್ಕಂಡ್ ಕುಂತಿದ್ನಲ್ಲ! ಇಂಥಾ ಅಳಿಯ ಯಾರ್ಗ್ ಸಿಕ್ತಾನೆ!” ಸರ್ಜನ್ನರು ನನ್ನ ಭುಜವನ್ನು ಮೆಲ್ಲಗೆ ತಟ್ಟಿದರು. ನರ್ಸಮ್ಮ ಕಣ್ಣೊರೆಸಿಕೊಂಡರು. ಆ ಸ್ಥಿತಿಯಲ್ಲಿ ತಿದ್ದುಪಡಿ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಮಂಚದ ಕಾಲ ಕಡೆ ಇಟ್ಟಿಗೆ ಕೊಟ್ಟು ತಲೆ ಕೆಳಗು ಮಾಡಿ ಅರ್ಧ ಗಂಟೆ ನೋಡಿದರು, ತಾನಾಗಿ ಒಳಗೆ ಹೋಗುತ್ತದೆಯೇ ಎಂದು. ಹೋಗಲಿಲ್ಲ. ಒಂದೇ ದಾರಿ ಉಳಿಯಿತು. ವಾಂತಿ ಮಾಡಿಕೊಂಡವನಿಗೆ ಕ್ಲೋರೋಫಾರಂ ಬೇಡವೆಂದು ಬೆನ್ನಿಗೆ ಸೂಜಿ ಹಾಕಿದರು. ಸೊಂಟದ ಕೆಳಗೆ ನಾನು ಇಲ್ಲವಾದೆ, ಮೇಲೆ ಪೂರ್ತಿ ಇದ್ದೆ. ಅದೇ ಕಷ್ಟವಾದದ್ದು. ಕತ್ತರಿಯ ಸದ್ದು ಕೇಳುತ್ತಿತ್ತು, ಅವರ ಮಾತೂ ಕೇಳುತ್ತಿತ್ತು. ಒಮ್ಮೆಲೇ ಮಾತು ನಿಂತಿತು. ಸರ್ಜನ್ನರು “ಕಪ್ಪಾಗಿದೆ. ಬಿಸಿನೀರಿನ ಬಟ್ಟೆ ಕೊಡಿ, ಬಣ್ಣ ಬರುತ್ತಾ ನೋಡೋಣ” ಎಂದರು. ಕರುಳಿಗೆ ರಕ್ತ ಮರಳದಿದ್ದರೆ ಆ ತುಂಡನ್ನೇ ಕತ್ತರಿಸಿ ತೆಗೆಯಬೇಕು, ಹಾಗಾದರೆ ಆ ಕಾಲದಲ್ಲಿ ಉಳಿಯುವವರು ಕಡಿಮೆ ಎಂದು ನನಗೆ ಆಮೇಲೆ ತಿಳಿಯಿತು. ಅವತ್ತು ಅಲ್ಲಿನ ಮೌನವೇ ಅದನ್ನು ತಿಳಿಸಿತು.

“ಮೇಷ್ಟ್ರೇ, ಏನಾದರೂ ಹೇಳ್ತಾ ಇರಿ. ಮಗ್ಗಿ ಬರುತ್ತಲ್ಲ?” ಎಂದರು ಸರ್ಜನ್ನರು.

ಹತ್ತೊಂಬತ್ತರ ಮಗ್ಗಿ ಹಿಡಿದೆ. ಹುಡುಗರಿಗೆ ಬಾರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಗ್ಗಿ ಅದು. ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು, ಹತ್ತೊಂಬತ್ತೆರಡ್ಲಿ ಮೂವತ್ತೆಂಟು. ಹೆಂಗಸರ ವಾರ್ಡಿನಲ್ಲಿ ಮಲಗಿರುವ ಪಾರ್ವತಿ, ಪಕ್ಕದ ಮನೆಯಲ್ಲಿ ಉಳಿದ ಮಗಳು, ಇಬ್ಬರೂ ಕಣ್ಣ ಮುಂದೆ ಬಂದರು. ನಾಲ್ಕರ ಹತ್ತಿರ ಧ್ವನಿ ಒಡೆಯಿತು. ಹತ್ತೊಂಬತ್ತೇಳ್ಲಿ ನೂರ ಮೂವತ್ತಮೂರು ಎನ್ನುವಾಗ ಸರ್ಜನ್ನರು ದೀರ್ಘವಾಗಿ ಉಸಿರು ಬಿಟ್ಟು “ಬಂತು, ಕೆಂಪಾಯ್ತು” ಎಂದರು. ನಾನು ಮಗ್ಗಿ ನಿಲ್ಲಿಸಲಿಲ್ಲ. ಹತ್ತರವರೆಗೂ ಹೇಳಿ ಮುಗಿಸಿದೆ.

ಪಾರ್ವತಿ ಹತ್ತನೆಯ ದಿನಕ್ಕೆ ಎದ್ದು ಓಡಾಡಿದಳು. ನನ್ನದು ಗೋಡೆ ಹೊಲಿದದ್ದಲ್ಲವೇ, ಮೂರು ವಾರ ಅಲುಗುವಂತಿರಲಿಲ್ಲ. ಅವಳು ಹೆಂಗಸರ ವಾರ್ಡಿನಿಂದ ಗೋಡೆ ಹಿಡಿದು ನಡೆದು ಗಂಡಸರ ವಾರ್ಡಿಗೆ ಬರುವಳು, ಹಿಂದೆ ಅತ್ತೆ ರಾಗಿ ಗಂಜಿಯ ಚೊಂಬು ಹಿಡಿದು ಬರುವರು. ಅಷ್ಟರಲ್ಲಿ ನನ್ನ ತ್ಯಾಗದ ಕಥೆ ಆಸ್ಪತ್ರೆಯನ್ನೆಲ್ಲ ಸುತ್ತಿ ಬಂದಿತ್ತು. ಆಚೆ ಮಂಚದಲ್ಲಿದ್ದ, ಮೊಸಳೆ ಎಂಬ ಊರಿನ ಕಡೆಯ ರೈತನೊಬ್ಬ ತನ್ನ ಹೆಂಡತಿಗೆ ನನ್ನನ್ನು ತೋರಿಸಿದ್ದ. ಅವಳು ಗಂಡನನ್ನೂ ನನ್ನನ್ನೂ ಒಂದೊಂದು ಸಲ ನೋಡಿ ನಿಟ್ಟುಸಿರು ಬಿಟ್ಟಿದ್ದಳು. ಒಂದು ದಿನ ಅತ್ತೆ ಚೊಂಬು ತೊಳೆಯಲು ಹೋದಾಗ ಪಾರ್ವತಿ ನನ್ನ ಮಂಚದ ಅಂಚಿಗೆ ಕೂತು ಕೇಳಿದಳು: “ದಿಟ ಏಳಿ. ಯಾಕೆ ಸುಮ್ಕಿದ್ರಿ?”

ಅವಳಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. “ಕೊಯ್ತಾರೆ ಅಂತ ಹೆದರಿಕೆ” ಎಂದೆ.

ಅವಳು ಎರಡು ಕೈಯಿಂದಲೂ ಬಲಗಡೆಯ ಹೊಲಿಗೆ ಹಿಡಿದುಕೊಂಡು, “ಅಯ್ಯೋ, ನಗುಸ್ಬ್ಯಾಡಿ, ಒಲಿಗೆ ಕಿತ್ಕತದೆ” ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನನಗೂ ನಗು ಬಂತು, ನನ್ನ ಹೊಲಿಗೆಯೂ ಎಳೆಯಿತು. ಆಚೆ ಮಂಚದ ರೈತ ನಾವು ಅಳುತ್ತಿದ್ದೇವೆಂದು ತಿಳಿದು ಆ ಕಡೆ ಮುಖ ತಿರುಗಿಸಿಕೊಂಡ.

ಚನ್ನರಾಯಪಟ್ಟಣಕ್ಕೆ ಬರುವ ಹೊತ್ತಿಗೆ ನಾನು ದೊಡ್ಡ ಮನುಷ್ಯನಾಗಿದ್ದೆ. ಆರು ವರ್ಷ ಮುಚ್ಚಿಟ್ಟಿದ್ದ ಕಾಯಿಲೆ ಊರಿಗೆಲ್ಲ ಗೊತ್ತಾಗಿತ್ತು, ಆದರೆ ಯಾರೂ ನಗಲಿಲ್ಲ. ಬೀದಿಯ ಹೆಂಗಸರು ಗಂಡಂದಿರೊಡನೆ ಜಗಳವಾದಾಗೆಲ್ಲ “ಮೇಷ್ಟ್ರನ್ನ ನೋಡ್ಕಂಡು ಕಲೀರಿ” ಎನ್ನತೊಡಗಿದರು. ಗಂಡಸರು ಮಾತ್ರ ನನ್ನೊಡನೆ ಮಾತು ಕಡಿಮೆ ಮಾಡಿದರು. ಊರಲ್ಲಿ ಮದುವೆಯಾದರೆ ಹೊಸ ದಂಪತಿಗಳನ್ನು ಕರೆತಂದು ನಮ್ಮಿಬ್ಬರ ಕಾಲಿಗೆ ಬೀಳಿಸುವುದು ವಾಡಿಕೆಯಾಯಿತು. ನಾನು ಗಂಭೀರವಾಗಿ ಅಕ್ಷತೆ ಹಾಕುತ್ತಿದ್ದೆ. ನಿಜ ಹೇಳಿಬಿಡಬೇಕೆಂದು ಪ್ರತಿ ಸಲವೂ ಅನ್ನಿಸುತ್ತಿತ್ತು, ಪ್ರತಿ ಸಲವೂ ಅಷ್ಟರಲ್ಲಿ ಎಲೆ ಹಾಕಿಬಿಡುತ್ತಿದ್ದರು.

ಒಂದು ಮದುವೆಯಲ್ಲಿ ಮದುಮಗ ಸ್ವಲ್ಪ ಓದಿದವನು, ಕಾಲಿಗೆ ಬಿದ್ದು ಎದ್ದವನು ಕೈ ಮುಗಿದು ಕೇಳಿಯೇಬಿಟ್ಟ: “ಮೇಷ್ಟ್ರೇ, ಅಷ್ಟು ನೋವನ್ನ ಐದು ಗಂಟೆ ಹೊತ್ತು ಬಾಯಿ ಬಿಡದೆ ತಡೆದುಕೊಂಡಿರಲ್ಲ, ಆ ಶಕ್ತಿ ನಿಮಗೆ ಎಲ್ಲಿಂದ ಬಂತು?” ನಾನು ಗಂಟಲು ಸರಿಮಾಡಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಪಾರ್ವತಿ, ತಲೆ ತಗ್ಗಿಸಿಕೊಂಡೇ, ತುಂಬ ಮೆದುವಾಗಿ ಹೇಳಿದಳು:

“ಭಯದಿಂದ ಕಣಪ್ಪ. ಬರೀ ಭಯದಿಂದ.”

ಹೆಂಡತಿಗೆ ಏನಾಗಿಬಿಡುತ್ತದೋ ಎಂಬ ಭಯ ಎಂದು ತಿಳಿದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಒರೆಸಿಕೊಂಡೆ.